ಎರಡನೆಯ ಪುಟಿತ: ಗಾಲಿಕುರ್ಚಿ ಟೆನಿಸ್ ಒಂದು ವೃತ್ತಿಯಾಗಬಲ್ಲುದೇ?



ಕ್ರೀಡೆಯನ್ನು ಕುರಿತ ನಮ್ಮ ಮಾತುಕತೆಯೊಂದು ಪ್ರಸಾರವಾದ ಮೇಲೆ ಮೂಡಲಪಾಳ್ಯದಿಂದ ಪಿಯುಸಿ ವಿದ್ಯಾರ್ಥಿನಿಯೊಬ್ಬಳ ಪತ್ರ ಬಂದಿತು. ಆಕೆಯ ತಮ್ಮ ಎಂಟನೆಯ ತರಗತಿಯಲ್ಲಿದ್ದಾನೆ, ಗಾಲಿಕುರ್ಚಿ ಬಳಸುತ್ತಾನೆ. ದೂರದರ್ಶನದಲ್ಲಿ ಗಾಲಿಕುರ್ಚಿಯ ಮೇಲೆ ಕುಳಿತವರು ಟೆನಿಸ್ ಆಡುವುದನ್ನು ಒಮ್ಮೆ ನೋಡಿದವನಿಗೆ ಈಗ ಅದೇ ಗುಂಗು. "ಅದೆಲ್ಲ ಹೊಟ್ಟೆಗೆ ಹಿಟ್ಟು ಕೊಡುತ್ತದೆಯೇ ಎಂದು ಅಪ್ಪ ಕೇಳುತ್ತಾರೆ. ಸರ್, ನಿಜವಾಗಿ ಕೊಡುತ್ತದೆಯೇ?" ಎಂದು ಆಕೆ ಬರೆದಿದ್ದಳು.

ಪ್ರಶ್ನೆ ನೇರವಾಗಿದೆ. ಹೌದು ಎಂದು ಬೆನ್ನು ತಟ್ಟಿ ಕಳುಹಿಸುವುದು ಸುಲಭ, ಇಲ್ಲ ಎನ್ನುವುದು ಇನ್ನೂ ಸುಲಭ. ಆದರೆ ಆ ತಂದೆಯ ಮಾತಿನಲ್ಲಿ ಇರುವುದು ತಿರಸ್ಕಾರವಲ್ಲ, ಲೆಕ್ಕಾಚಾರ. ಆದ್ದರಿಂದ ನಾವೂ ಲೆಕ್ಕಾಚಾರದಿಂದಲೇ ನೋಡೋಣ. ಮೊದಲು ಆಟ ಹೇಗೆ ನಡೆಯುತ್ತದೆ ಎಂಬುದು ತಿಳಿಯಲಿ, ಸಂಪಾದನೆಯ ಮಾತಿಗೆ ಆಮೇಲೆ ಬರುತ್ತೇನೆ.

ಈ ಆಟದ ಆರಂಭ 1976ರಲ್ಲಿ, ಅಮೆರಿಕದಲ್ಲಿ. ಬ್ರಾಡ್ ಪಾರ್ಕ್ಸ್ ಎಂಬ ಹದಿನೆಂಟರ ಯುವಕ ಹಿಮದ ಮೇಲೆ ಸ್ಕೀಯಿಂಗ್ ಮಾಡುವಾಗ ಬಿದ್ದು ಬೆನ್ನುಹುರಿಗೆ ಪೆಟ್ಟು ಮಾಡಿಕೊಂಡ. ಚಿಕಿತ್ಸೆಯ ದಿನಗಳಲ್ಲಿ ಅವನಿಗೆ ಜೆಫ್ ಮಿನ್ನೆಬ್ರೇಕರ್ ಎಂಬ ಇನ್ನೊಬ್ಬ ಗಾಲಿಕುರ್ಚಿ ಬಳಕೆದಾರನ ಪರಿಚಯವಾಯಿತು. ಹಗುರವಾದ ಕುರ್ಚಿ ಇದ್ದರೆ ಟೆನಿಸ್ ಆಡಬಹುದು ಎಂದು ಇಬ್ಬರೂ ಸೇರಿ ತೋರಿಸಿಕೊಟ್ಟರು. 1988ರ ಸೋಲ್ ಪ್ಯಾರಾಲಿಂಪಿಕ್ಸ್‌ನಲ್ಲಿ ಇದು ಪ್ರದರ್ಶನದ ಆಟವಾಗಿ ಬಂದಿತು, 1992ರ ಬಾರ್ಸಿಲೋನಾದಲ್ಲಿ ಪದಕದ ಆಟವಾಯಿತು. 1998ರಲ್ಲಿ ಇದರ ಅಂತರರಾಷ್ಟ್ರೀಯ ಸಂಸ್ಥೆ ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್‌ನಲ್ಲಿ ವಿಲೀನವಾಯಿತು. ಈ ಕೊನೆಯ ಸಂಗತಿ ಕಚೇರಿಯ ಕಾಗದಪತ್ರದಂತೆ ಕಂಡರೂ ನಮ್ಮ ಪ್ರಶ್ನೆಗೆ ಬಹಳ ಮುಖ್ಯ. ಎಲ್ಲ ಟೆನಿಸ್ ನಡೆಸುವ ಸಂಸ್ಥೆಯೇ ಇದನ್ನೂ ನಡೆಸತೊಡಗಿದ್ದರಿಂದ ದೊಡ್ಡ ಪಂದ್ಯಾವಳಿಗಳ ಬಾಗಿಲು ಒಂದೊಂದಾಗಿ ತೆರೆಯಿತು. ವಿಂಬಲ್ಡನ್‌ನಲ್ಲಿ ಗಾಲಿಕುರ್ಚಿ ಸಿಂಗಲ್ಸ್ ಆರಂಭವಾದದ್ದು ಮಾತ್ರ ತಡವಾಗಿ, 2016ರಲ್ಲಿ. ಹುಲ್ಲಿನ ಮೇಲೆ ಗಾಲಿ ಉರುಳಿಸುವುದು ಕಷ್ಟವೆಂಬ ವಾದ ಬಹುಕಾಲ ಇತ್ತು. ಕಷ್ಟ ನಿಜ, ಆದರೆ ಆಡಿದವರು ಆಡಿಯೇ ತೋರಿಸಿದರು.

ಆಟದ ಅಂಗಣ ಬೇರೆಯೇನಲ್ಲ. ಅದೇ 23.77 ಮೀಟರ್ ಉದ್ದ, ಅದೇ ಬಲೆ, ಅದೇ ಚೆಂಡು, ಅದೇ ಅಂಕ. ನಿಯಮದಲ್ಲಿ ದೊಡ್ಡ ವ್ಯತ್ಯಾಸ ಒಂದೇ: ಚೆಂಡು ಎರಡು ಸಲ ಪುಟಿಯುವವರೆಗೆ ಹೊಡೆಯಬಹುದು. ಮೊದಲ ಪುಟಿತ ಗೆರೆಯೊಳಗೆ ಬಿದ್ದಿರಬೇಕು, ಎರಡನೆಯದು ಗೆರೆಯ ಹೊರಗೆ ಬಿದ್ದರೂ ಸರಿಯೇ. ಕುರ್ಚಿಯನ್ನು ಆಟಗಾರನ ದೇಹದ ಭಾಗವೆಂದೇ ಎಣಿಸುತ್ತಾರೆ. ಆಟ ನಡೆಯುವಾಗ ಚೆಂಡು ಕುರ್ಚಿಗೆ ತಗುಲಿದರೆ ಅಂಕ ಹೋಯಿತು. ಹೊಡೆಯುವಾಗ ಆಸನದಿಂದ ಪೂರ್ತಿ ಮೇಲೇಳುವಂತಿಲ್ಲ.

ಎರಡು ಪುಟಿತ ಎಂದ ಕೂಡಲೇ "ಹಾಗಾದರೆ ಸುಲಭ" ಎನ್ನುವವರಿದ್ದಾರೆ. ಪಿಯುಸಿ ಭೌತಶಾಸ್ತ್ರ ಓದಿದವರು ಸ್ವಲ್ಪ ಪೆನ್ಸಿಲ್ ಹಿಡಿಯಿರಿ. ಟೆನಿಸ್ ಚೆಂಡನ್ನು 254 ಸೆಂಟಿಮೀಟರ್ ಎತ್ತರದಿಂದ ಗಟ್ಟಿ ನೆಲಕ್ಕೆ ಬಿಟ್ಟರೆ ಅದು ಸುಮಾರು 135ರಿಂದ 147 ಸೆಂಟಿಮೀಟರ್ ಎತ್ತರಕ್ಕೆ ಪುಟಿಯಬೇಕು ಎಂಬುದು ಸಾಮಾನ್ಯ ಚೆಂಡಿಗೆ ಇರುವ ನಿಯಮ. ಅಂದರೆ ಪ್ರತಿ ಪುಟಿತಕ್ಕೂ ಎತ್ತರ ಹೆಚ್ಚುಕಡಿಮೆ ಶೇಕಡ 55ಕ್ಕೆ ಇಳಿಯುತ್ತದೆ. ಮೊದಲ ಪುಟಿತದ ನಂತರ ಚೆಂಡು 1 ಮೀಟರ್ ಎತ್ತರಕ್ಕೆ ಏರಿತು ಎನ್ನೋಣ. ಅದು ತುದಿ ಮುಟ್ಟಲು ಸುಮಾರು 0.45 ಸೆಕೆಂಡ್, ಮತ್ತೆ ನೆಲಕ್ಕೆ ಬರಲು ಇನ್ನೊಂದು 0.45. ಎರಡನೆಯ ಪುಟಿತದಲ್ಲಿ ಅದು 55 ಸೆಂಟಿಮೀಟರ್ ಮಾತ್ರ ಏರುತ್ತದೆ, ಆ ತುದಿ ಮುಟ್ಟಲು ಸುಮಾರು 0.33 ಸೆಕೆಂಡ್. ಒಂದನೆಯ ತುದಿಯಲ್ಲಿ ಹೊಡೆಯುವ ಬದಲು ಎರಡನೆಯ ತುದಿಯವರೆಗೆ ಕಾದರೆ ಸಿಗುವ ಹೆಚ್ಚುವರಿ ಕಾಲ, ಕೂಡಿಸಿ ನೋಡಿ, ಸುಮಾರು 0.78 ಸೆಕೆಂಡ್. ಕುರ್ಚಿ ಸೆಕೆಂಡಿಗೆ 3 ಮೀಟರ್ ವೇಗದಲ್ಲಿ ಉರುಳುತ್ತಿದ್ದರೆ ಅಷ್ಟರಲ್ಲಿ ಸುಮಾರು 2.3 ಮೀಟರ್ ಹೆಚ್ಚು ದೂರ ಕ್ರಮಿಸಬಹುದು. ಇದು ಲಾಭವೇ ಸರಿ.

ಆದರೆ ಚೆಂಡು ಮೇಲೆ ಕೆಳಗೆ ಮಾತ್ರ ಹೋಗುವುದಿಲ್ಲವಲ್ಲ! ಆ ಮುಕ್ಕಾಲು ಸೆಕೆಂಡಿನಲ್ಲಿ ಅದು ಹಿಂದಕ್ಕೂ ಓಡುತ್ತಿರುತ್ತದೆ. ಕಾಯುವ ಆಟಗಾರ ಗೆರೆಯಿಂದ ಬಹಳ ಹಿಂದೆ ಸರಿಯಬೇಕಾಗುತ್ತದೆ, ಅಲ್ಲಿಂದ ಹೊಡೆದ ಮೇಲೆ ಮತ್ತೆ ಮುಂದೆ ಬರಬೇಕು. ಅಷ್ಟರಲ್ಲಿ ಎದುರಾಳಿ ಖಾಲಿ ಜಾಗ ನೋಡಿ ಹೊಡೆದಿರುತ್ತಾನೆ. ಆದ್ದರಿಂದಲೇ ಉತ್ತಮ ಆಟಗಾರರು ಅನೇಕ ಚೆಂಡುಗಳನ್ನು ಒಂದೇ ಪುಟಿತದಲ್ಲಿ ಹಿಂದಿರುಗಿಸುತ್ತಾರೆ. ನಿಯಮ ಕೊಟ್ಟ ರಿಯಾಯಿತಿಯನ್ನು ಯಾವಾಗ ಬಳಸಬಾರದು ಎಂದು ಕಲಿಯುವುದೇ ಇಲ್ಲಿ ದೊಡ್ಡ ವಿದ್ಯೆ.

ಸರ್ವ್ ಮಾಡುವುದು ಇನ್ನೊಂದು ಸ್ವಾರಸ್ಯ. ಬಲೆಯ ನಡುಮಧ್ಯದ ಎತ್ತರ 0.914 ಮೀಟರ್. ಹಿಂದಿನ ಗೆರೆಯಿಂದ ಬಲೆಗೆ 11.89 ಮೀಟರ್, ಬಲೆಯಿಂದ ಆಚೆಯ ಸರ್ವಿಸ್ ಗೆರೆಗೆ 6.40 ಮೀಟರ್. ಚೆಂಡು ಬಲೆಯ ಅಂಚನ್ನು ಸವರಿಕೊಂಡು ನೇರ ರೇಖೆಯಲ್ಲಿ ಹೋಗಿ ಸರ್ವಿಸ್ ಗೆರೆಯ ಮೇಲೆ ಬೀಳಬೇಕಾದರೆ ಅದನ್ನು ಎಷ್ಟು ಎತ್ತರದಿಂದ ಹೊಡೆಯಬೇಕು? ಹತ್ತನೆಯ ತರಗತಿಯ ಸಮರೂಪ ತ್ರಿಭುಜಗಳು ಸಾಕು: ಉತ್ತರ ಸುಮಾರು 2.6 ಮೀಟರ್. ಎತ್ತರದ ಆಟಗಾರ ನಿಂತು, ಕೈ ಚಾಚಿ, ರಾಕೆಟ್ ಎತ್ತಿದರೆ ಅಲ್ಲಿಗೆ ತಲುಪುತ್ತಾನೆ. ಕುಳಿತವನ ರಾಕೆಟ್ ಸುಮಾರು 2 ಮೀಟರ್ ಹತ್ತಿರವಷ್ಟೇ ಮುಟ್ಟುತ್ತದೆ. ಹಾಗಾಗಿ ನೇರವಾಗಿ, ಗುಂಡು ಹಾರಿಸಿದಂತೆ ಹೊಡೆಯುವ ಸರ್ವ್ ಅವನಿಗೆ ರೇಖಾಗಣಿತವೇ ನಿರಾಕರಿಸುತ್ತದೆ. ಅವನು ಗುರುತ್ವಾಕರ್ಷಣೆಯ ಸಹಾಯ ಪಡೆಯಬೇಕು, ಚೆಂಡಿಗೆ ತಿರುಗು ಕೊಟ್ಟು ಬಲೆಯ ಮೇಲೆ ಬಾಗಿಸಿ ಇಳಿಸಬೇಕು. ಸೊಂಟದ ಕೆಳಗಿನ ಬಲವಿಲ್ಲದೆ, ಭುಜ ಮತ್ತು ಮಣಿಕಟ್ಟಿನಿಂದ ಇದನ್ನು ಸಾಧಿಸುವವರನ್ನು ನೋಡಿ "ಪಾಪ" ಎನ್ನುವವರು ಆಟವನ್ನು ನೋಡಿಯೇ ಇಲ್ಲ ಎಂದು ನನಗೆ ಅನಿಸುತ್ತದೆ.

ಕುರ್ಚಿಯ ವಿಷಯಕ್ಕೆ ಬರೋಣ. ಆಸ್ಪತ್ರೆಯಲ್ಲಿ ಕಾಣುವ ಕುರ್ಚಿ ಇದಲ್ಲ. ಆಟದ ಕುರ್ಚಿಯ ದೊಡ್ಡ ಗಾಲಿಗಳು ನೆಟ್ಟಗೆ ನಿಂತಿರುವುದಿಲ್ಲ. ಮೇಲ್ಭಾಗ ಒಳಕ್ಕೆ, ಕೆಳಭಾಗ ಹೊರಕ್ಕೆ ವಾಲಿರುತ್ತವೆ, ಸುಮಾರು 18ರಿಂದ 20 ಡಿಗ್ರಿ. ಇದರಿಂದ ನೆಲದ ಮೇಲಿನ ಆಧಾರ ಅಗಲವಾಗುತ್ತದೆ, ವೇಗವಾಗಿ ತಿರುಗಿದರೂ ಮಗುಚುವುದಿಲ್ಲ, ಕೈಗಳಿಗೆ ಗಾಲಿ ಸಹಜವಾಗಿ ಸಿಗುತ್ತದೆ. ಮುಂದೆ ಚಿಕ್ಕ ಗಾಲಿಗಳು, ಹಿಂದೆ ಬೀಳದಂತೆ ತಡೆಯುವ ಇನ್ನೊಂದು ಪುಟ್ಟ ಗಾಲಿ. ಆಟಗಾರ ಪಟ್ಟಿಗಳಿಂದ ತನ್ನನ್ನು ಕುರ್ಚಿಗೆ ಬಿಗಿದುಕೊಂಡಿರುತ್ತಾನೆ, ದೇಹ ತಿರುಗಿದರೆ ಕುರ್ಚಿಯೂ ತಿರುಗಬೇಕು. ರಾಕೆಟ್ ಹಿಡಿದ ಕೈಯಿಂದಲೇ ಗಾಲಿ ತಳ್ಳಬೇಕು. ನಿಂತ ಕುರ್ಚಿಯನ್ನು ಚಲಿಸುವಂತೆ ಮಾಡುವುದು ಎಷ್ಟು ಕಷ್ಟವೆಂದು ನ್ಯೂಟನ್ನನ ಮೊದಲ ನಿಯಮ ಹೇಳುತ್ತದೆ, ಆದ್ದರಿಂದ ಚೆಂಡು ಆಚೆ ಇರುವಾಗಲೂ ಇವರು ಕುರ್ಚಿಯನ್ನು ನಿಲ್ಲಿಸುವುದಿಲ್ಲ, ಉರುಳಿಸುತ್ತಲೇ ಇರುತ್ತಾರೆ. ಪಂದ್ಯ ನೋಡುವಾಗ ಚೆಂಡನ್ನು ಬಿಟ್ಟು ಐದು ನಿಮಿಷ ಬರೀ ಗಾಲಿಗಳನ್ನೇ ನೋಡಿ.

ಇಂಥ ಕುರ್ಚಿ ಆಟಗಾರನ ಅಳತೆಗೆ ತಕ್ಕಂತೆ ತಯಾರಾಗಬೇಕು. ಒಳ್ಳೆಯದಕ್ಕೆ ಲಕ್ಷಗಳ ಲೆಕ್ಕದಲ್ಲೇ ಖರ್ಚು. ಆ ತಂದೆಯ ಲೆಕ್ಕಾಚಾರದಲ್ಲಿ ಇದು ಮೊದಲ ಸಾಲು.

ಯಾರು ಆಡಬಹುದು? ಒಂದು ಅಥವಾ ಎರಡೂ ಕಾಲುಗಳ ಶಕ್ತಿ ಶಾಶ್ವತವಾಗಿ, ಗಣನೀಯವಾಗಿ ಕುಂದಿದವರು. ದಿನನಿತ್ಯ ಗಾಲಿಕುರ್ಚಿಯಲ್ಲೇ ಇರಬೇಕೆಂದಿಲ್ಲ. ಕೃತಕ ಕಾಲಿನಲ್ಲಿ ನಡೆಯುವವರೂ ಅಂಗಣದಲ್ಲಿ ಕುರ್ಚಿ ಏರಿ ಆಡುತ್ತಾರೆ. ಪುರುಷರು, ಮಹಿಳೆಯರು, ಹಾಗೂ 'ಕ್ವಾಡ್' ಎಂದು ಮೂರು ವಿಭಾಗ. ಕಾಲುಗಳ ಜೊತೆ ಕೈಗಳಲ್ಲಿಯೂ ಬಲ ಕಡಿಮೆ ಇರುವವರಿಗೆ ಕ್ವಾಡ್ ವಿಭಾಗ. ಬೆರಳುಗಳಿಗೆ ಹಿಡಿತವಿಲ್ಲದ ಕೆಲವರು ರಾಕೆಟ್ಟನ್ನು ಕೈಗೆ ಪಟ್ಟಿಯಿಂದ ಸುತ್ತಿಕೊಂಡು ಆಡುತ್ತಾರೆ. ಪ್ಯಾರಾಲಿಂಪಿಕ್ಸ್‌ಗೆ ಈ ವಿಭಾಗ ಸೇರಿದ್ದು 2004ರ ಅಥೆನ್ಸ್‌ನಲ್ಲಿ.

ಈ ಕ್ವಾಡ್ ವಿಭಾಗದ ಹಿರಿಯರೊಬ್ಬರು ನಮ್ಮ ಬೆಂಗಳೂರಿನವರೇ. ಬೋನಿಫೇಸ್ ಪ್ರಭು ಅವರು ಹುಟ್ಟಿದ್ದು 1972ರಲ್ಲಿ. ನಾಲ್ಕನೆಯ ವಯಸ್ಸಿನಲ್ಲಿ ಬೆನ್ನುಮೂಳೆಯಿಂದ ದ್ರವ ತೆಗೆಯುವ ಚಿಕಿತ್ಸೆಯೊಂದು ತಪ್ಪಾಗಿ ಕೈಕಾಲುಗಳ ಶಕ್ತಿ ಹೋಯಿತು. ಗುಂಡು ಎಸೆತ, ಭರ್ಜಿ ಎಸೆತಗಳಲ್ಲಿಯೂ ಭಾಗವಹಿಸಿದ ಅವರು 1998ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಪದಕ ಪಡೆದರು. ಭಾರತದಲ್ಲಿ ಗಾಲಿಕುರ್ಚಿ ಟೆನಿಸ್ ಎಂದರೆ ಏನೆಂದು ಕೇಳುವವರೇ ಹೆಚ್ಚಾಗಿದ್ದ ಕಾಲದಲ್ಲಿ ವಿದೇಶಗಳಿಗೆ ಹೋಗಿ ಆಡಿ ಬಂದರು. 2014ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಇತರರಿಗೆ ಕಲಿಸಲು ತಮ್ಮ ಹೆಸರಿನ ಅಕಾಡೆಮಿಯನ್ನೂ ಕಟ್ಟಿದರು. ಒಂದು ಮಾತು ಗಮನಿಸಿ: ಮುಂದೆ ನಡೆದು ದಾರಿ ತೋರಲು ಅವರಿಗೆ ಯಾರೂ ಇರಲಿಲ್ಲ. ಇಂದಿನ ಎಂಟನೆಯ ತರಗತಿಯ ಹುಡುಗನಿಗೆ ಅವರಿದ್ದಾರೆ. ಅವರ ನಂತರದ ಪೀಳಿಗೆಯಲ್ಲಿ ಶೇಖರ್ ವೀರಸ್ವಾಮಿ, ಪ್ರತಿಮಾ ರಾವ್ ಅವರಂಥ ಕರ್ನಾಟಕದ ಆಟಗಾರರು ರಾಷ್ಟ್ರಮಟ್ಟದ ಪ್ರಶಸ್ತಿಗಳನ್ನು ಗೆದ್ದಿದ್ದಾರೆ. ಕಬ್ಬನ್ ಪಾರ್ಕಿನೊಳಗಿರುವ ಕರ್ನಾಟಕ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಅಂಗಣದಲ್ಲಿ 'ಆಸ್ಥಾ' ಎಂಬ ಸ್ವಯಂಸೇವಾ ಸಂಸ್ಥೆಯ ಪ್ರಯತ್ನದಿಂದ ಟಬೂಬಿಯಾ ಓಪನ್ ಎಂಬ ಗಾಲಿಕುರ್ಚಿ ಪಂದ್ಯಾವಳಿ ನಡೆದಿದೆ. ಬೆಂಗಳೂರಿನ ಬೀದಿಗಳನ್ನು ಗುಲಾಬಿ ಬಣ್ಣಕ್ಕೆ ತಿರುಗಿಸುವ ಮರದ ಹೆಸರು ಅದು. ಯಾರು ಇಟ್ಟರೋ, ಚೆನ್ನಾಗಿ ಇಟ್ಟಿದ್ದಾರೆ.

ಈಗ ಹೊಟ್ಟೆಯ ಹಿಟ್ಟಿನ ಪ್ರಶ್ನೆ.

ವೃತ್ತಿ ಆಟಗಾರ ಎಂದರೆ ಅಂತರರಾಷ್ಟ್ರೀಯ ಪಂದ್ಯಾವಳಿಗಳನ್ನು ಆಡಿ ಅಂಕ ಗಳಿಸಿ, ವಿಶ್ವ ಶ್ರೇಯಾಂಕದಲ್ಲಿ ಮೇಲೇರುವವನು. ಪಂದ್ಯಾವಳಿಗಳಲ್ಲಿ ಹಂತಗಳಿವೆ. ಕೆಳಹಂತದ್ದರಲ್ಲಿ ಬಹುಮಾನದ ಹಣ ಕಡಿಮೆ, ಅಂಕಗಳೂ ಕಡಿಮೆ. ಮೇಲಿನ ಹಂತಕ್ಕೆ ಪ್ರವೇಶ ಬೇಕಾದರೆ ಕೆಳಗಿನವನ್ನು ಗೆಲ್ಲಬೇಕು, ಅವು ನಡೆಯುವುದು ಬೇರೆ ಬೇರೆ ದೇಶಗಳಲ್ಲಿ. ವಿಮಾನದ ಟಿಕೆಟ್ಟು, ವಸತಿ, ಜೊತೆಗೆ ಬರುವ ಸಹಾಯಕ ಅಥವಾ ತರಬೇತುದಾರನ ಖರ್ಚು, ದಿನಬಳಕೆಯದೊಂದು ಆಟದ್ದೊಂದು ಎಂದು ಎರಡು ಕುರ್ಚಿಗಳ ಸಾಗಣೆ. ಆರಂಭದ ವರ್ಷಗಳಲ್ಲಿ ಗೆದ್ದ ಹಣಕ್ಕಿಂತ ಹೋಗಿ ಬಂದ ಖರ್ಚೇ ಹೆಚ್ಚು. ಗ್ರ್ಯಾಂಡ್‌ಸ್ಲಾಮ್‌ಗಳಲ್ಲಿ ಬಹುಮಾನ ದೊಡ್ಡದು, ಆದರೆ ಅಲ್ಲಿ ಪುರುಷರ ಸಾಮಾನ್ಯ ಸಿಂಗಲ್ಸ್‌ಗೆ 128 ಮಂದಿಗೆ ಜಾಗವಿದ್ದರೆ ಗಾಲಿಕುರ್ಚಿ ಸಿಂಗಲ್ಸ್‌ಗೆ ಬಹುಕಾಲ ಇದ್ದದ್ದು 8 ಮಂದಿಗೆ ಮಾತ್ರ. ಇತ್ತೀಚಿನ ವರ್ಷಗಳಲ್ಲಿ ಈ ಸಂಖ್ಯೆಯನ್ನು ಹೆಚ್ಚಿಸಿದ್ದಾರೆ. ಆದರೂ ಆ ಬಾಗಿಲು ಕಿರಿದು.

ಅದನ್ನು ದಾಟಿದವರ ಕಥೆ ಬೇರೆಯೇ. ಜಪಾನಿನ ಶಿಂಗೊ ಕುನಿಯೆಡಾ ಅವರಿಗೆ ಒಂಬತ್ತನೆಯ ವಯಸ್ಸಿನಲ್ಲಿ ಬೆನ್ನುಹುರಿಯ ಗಡ್ಡೆಯಿಂದ ಕಾಲುಗಳ ಶಕ್ತಿ ಹೋಯಿತು. ದೊಡ್ಡವರಾದ ಮೇಲೆ ವಿಶ್ವವಿದ್ಯಾಲಯವೊಂದರಲ್ಲಿ ನೌಕರಿ ಮಾಡುತ್ತಲೇ ಆಡುತ್ತಿದ್ದರು. 2008ರಲ್ಲಿ ಬೀಜಿಂಗ್‌ನಲ್ಲಿ ಚಿನ್ನ ಗೆದ್ದರು. ಗಮನಿಸಿ, ಆಗಲೂ ಅವರು ನೌಕರರೇ! 2009ರಲ್ಲಿ ನೌಕರಿ ಬಿಟ್ಟು ಪೂರ್ಣಾವಧಿ ವೃತ್ತಿ ಆಟಗಾರರಾದರು. 2023ರ ಜನವರಿಯಲ್ಲಿ ನಿವೃತ್ತರಾಗುವಾಗ ಸಿಂಗಲ್ಸ್‌ನಲ್ಲೇ 28 ಗ್ರ್ಯಾಂಡ್‌ಸ್ಲಾಮ್ ಪ್ರಶಸ್ತಿಗಳು ಅವರ ಬಳಿ ಇದ್ದವು, ಆಗಲೂ ವಿಶ್ವದ ಮೊದಲ ಸ್ಥಾನದಲ್ಲಿದ್ದರು. ನೆದರ್‌ಲ್ಯಾಂಡ್ಸ್‌ನ ಎಸ್ತರ್ ವರ್ಗೀರ್ 2003ರಿಂದ 2013ರಲ್ಲಿ ನಿವೃತ್ತರಾಗುವವರೆಗೆ ಸಿಂಗಲ್ಸ್‌ನಲ್ಲಿ ಸೋಲನ್ನೇ ಕಾಣಲಿಲ್ಲ, ಸತತ 470 ಗೆಲುವು. ಕುನಿಯೆಡಾ ಅವರ ಆಟದ ದೃಶ್ಯ ನೋಡಿ ಟೆನಿಸ್‌ಗೆ ಬಂದ ಟೊಕಿಟೊ ಓಡಾ, ಮೂಳೆಯ ಕ್ಯಾನ್ಸರ್‌ನಿಂದ ಎದ್ದು ಬಂದ ಹುಡುಗ, 2023ರಲ್ಲಿ ಹದಿನೇಳನೆಯ ವಯಸ್ಸಿನಲ್ಲಿ ಫ್ರೆಂಚ್ ಓಪನ್ ಗೆದ್ದು 2024ರಲ್ಲಿ ಪ್ಯಾರಿಸ್‌ನಲ್ಲಿ ಚಿನ್ನವನ್ನೂ ಪಡೆದ. ಒಂದು ಪರದೆಯ ಮೇಲಿನ ದೃಶ್ಯ ಹುಡುಗನೊಬ್ಬನನ್ನು ಹೀಗೆ ಎಲ್ಲಿಗೋ ಕೊಂಡೊಯ್ಯಬಹುದು ಎಂದು ತಿಳಿದಾಗ, ದೃಶ್ಯಗಳನ್ನೇ ತಯಾರಿಸಿ ಬದುಕುವ ನನ್ನಂಥವನಿಗೆ ಸ್ವಲ್ಪ ಭಯವೂ ಆಗುತ್ತದೆ.

ಭಾರತದಲ್ಲಿ ಲೆಕ್ಕ ಹೇಗಿದೆ? 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ನಮ್ಮ ದೇಶ 29 ಪದಕ ಗೆದ್ದಿತು, ಟೆನಿಸ್‌ನಲ್ಲಿ ಒಂದೂ ಇಲ್ಲ. ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಗುಂಡು ಎಸೆಯಲು ಮೈದಾನ ಸಾಕು, ಟೆನಿಸ್‌ಗೆ ಅಂಗಣ, ಆಟದ ಕುರ್ಚಿ, ಎದುರಿಗೆ ಇನ್ನೊಬ್ಬ ಆಟಗಾರ, ವರ್ಷವಿಡೀ ಪ್ರಯಾಣ ಎಲ್ಲವೂ ಬೇಕು. ಆದ್ದರಿಂದ ಟೆನಿಸ್ ಒಂದನ್ನೇ ನಂಬಿ ಮನೆ ನಡೆಸುವುದು ನಮ್ಮಲ್ಲಿ ಸದ್ಯಕ್ಕೆ ಕಷ್ಟ. ಇದನ್ನು ಮುಚ್ಚಿಟ್ಟರೆ ಆ ಮನೆಯವರಿಗೆ ನಾನು ಮೋಸ ಮಾಡಿದಂತೆ.

ಆದರೆ ಉದ್ಯೋಗ ಮತ್ತು ಆಟ ಒಟ್ಟಿಗೆ ಸಾಗಿದ ಉದಾಹರಣೆ ನಮ್ಮ ಊರಲ್ಲೇ ಇದೆ. ಬೆಂಗಳೂರಿನ ಮಾಲತಿ ಹೊಳ್ಳ ಅವರು ಬ್ಯಾಂಕಿನ ನೌಕರಿಯಲ್ಲಿದ್ದುಕೊಂಡೇ ಗಾಲಿಕುರ್ಚಿಯ ಮೇಲೆ ಅಥ್ಲೆಟಿಕ್ಸ್‌ನಲ್ಲಿ ಹಲವು ಪ್ಯಾರಾಲಿಂಪಿಕ್ಸ್‌ಗಳಿಗೆ ಹೋಗಿ ಬಂದರು, 2001ರಲ್ಲಿ ಪದ್ಮಶ್ರೀ ಪಡೆದರು. ಹಾಸನದಲ್ಲಿ ಹುಟ್ಟಿದ ಸುಹಾಸ್ ಯತಿರಾಜ್ ಅವರು ಐಎಎಸ್ ಅಧಿಕಾರಿಯಾಗಿದ್ದುಕೊಂಡೇ ಬ್ಯಾಡ್ಮಿಂಟನ್‌ನಲ್ಲಿ ಟೋಕಿಯೋ ಮತ್ತು ಪ್ಯಾರಿಸ್ ಎರಡರಲ್ಲೂ ಬೆಳ್ಳಿ ಗೆದ್ದರು. ಕುನಿಯೆಡಾ ಅವರೂ ಮೊದಲು ನೌಕರರೇ ಆಗಿದ್ದರೆಂಬುದನ್ನು ನೆನಪಿಡಿ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ ಸರ್ಕಾರಿ ಹುದ್ದೆಗಳಲ್ಲಿ ಕನಿಷ್ಠ ಶೇಕಡ 4 ಮೀಸಲಾತಿ ಕೊಡುತ್ತದೆ, ಕ್ರೀಡೆಯಲ್ಲಿ ಭಾಗವಹಿಸಲು ಅವಕಾಶ ಕಲ್ಪಿಸುವುದು ಸರ್ಕಾರದ ಕರ್ತವ್ಯವೆಂದೂ ಹೇಳುತ್ತದೆ. ಆದ್ದರಿಂದ ಆ ಹುಡುಗನಿಗೆ ನಾನು ಹೇಳುವುದು: ಓದನ್ನು ಬಿಡಬೇಡ, ರಾಕೆಟ್ಟನ್ನೂ ಬಿಡಬೇಡ. ಮತ್ತು ಅವನ ತಂದೆಗೆ: ಮೊದಲ ಕೆಲವು ವರ್ಷ ಇದನ್ನು ಸಂಪಾದನೆಯ ಖಾತೆಗೆ ಸೇರಿಸಬೇಡಿ, ಶಾಲೆಯ ಶುಲ್ಕದ ಹಾಗೆ ಖರ್ಚಿನ ಖಾತೆಯಲ್ಲಿಡಿ. ಭುಜ, ಬೆನ್ನು, ಉಸಿರು ಗಟ್ಟಿಯಾಗುತ್ತವೆ. ಕುರ್ಚಿಯನ್ನು ಸಲೀಸಾಗಿ ತಿರುಗಿಸಬಲ್ಲ ಹುಡುಗ ಕಾಲೇಜಿಗೂ ಒಬ್ಬನೇ ಹೋಗಬಲ್ಲ.

ಹೋಗಲು ದಾರಿ ಇದ್ದರೆ, ಎನ್ನಬೇಕು. ಈ ಲೇಖನಕ್ಕಾಗಿ ಮೂಡಲಪಾಳ್ಯದ ಸರ್ಕಲ್‌ನಿಂದ ಅತ್ತಿಗುಪ್ಪೆ ಮೆಟ್ರೋ ನಿಲ್ದಾಣದವರೆಗೆ ನಾನು ನಡೆದು ನೋಡಿದೆ, ಪಾದಚಾರಿ ಮಾರ್ಗ ಎಷ್ಟು ಕಡೆ ತುಂಡಾಗುತ್ತದೆ ಎಂದು ಎಣಿಸುವ ಉದ್ದೇಶದಿಂದ. ಅಂಗಡಿಯ ಮೆಟ್ಟಿಲು, ನಿಲ್ಲಿಸಿದ ಸ್ಕೂಟರು, ಎತ್ತರದ ಅಂಚುಕಲ್ಲು, ಕಿತ್ತ ಚಪ್ಪಡಿ. ಅರ್ಧ ದಾರಿಯಲ್ಲೇ ಲೆಕ್ಕ ತಪ್ಪಿತು. ಆದರೆ ನಿಲ್ದಾಣದಲ್ಲಿ ಲಿಫ್ಟ್ ಇದೆ. ನೇರಳೆ ಮಾರ್ಗದ ರೈಲು ಹತ್ತಿದರೆ ಬದಲಾಯಿಸದೆ ಕಬ್ಬನ್ ಪಾರ್ಕ್ ನಿಲ್ದಾಣದಲ್ಲಿ ಇಳಿಯಬಹುದು, ಟೆನಿಸ್ ಅಂಗಣ ಅಲ್ಲಿಂದ ಹತ್ತಿರ. ಅಂದರೆ ಇಡೀ ಪ್ರಯಾಣದಲ್ಲಿ ಕಷ್ಟದ ಭಾಗ ಮನೆಯಿಂದ ಅತ್ತಿಗುಪ್ಪೆಯವರೆಗಿನದು. ನಮ್ಮವರ ಮನೆಬಾಗಿಲಿನ ತಪ್ಪು ಮಾತ್ರ ಹೇಳಿ ಸುಮ್ಮನಾಗುವುದು ಸರಿಯಲ್ಲ, ಹಿಂದೊಮ್ಮೆ ನಾನೇ ಒಬ್ಬ ಗಾಲಿಕುರ್ಚಿ ಕ್ರೀಡಾಪಟುವನ್ನು ಸಭಾಂಗಣವೊಂದಕ್ಕೆ ಸಂದರ್ಶನಕ್ಕೆ ಆಹ್ವಾನಿಸಿ, ಅಲ್ಲಿ ವೇದಿಕೆಗೆ ಐದು ಮೆಟ್ಟಿಲುಗಳಿರುವುದನ್ನು ಅವರು ಬಂದ ಮೇಲೆಯೇ ಗಮನಿಸಿದೆ. ನಾಲ್ಕು ಜನ ಎತ್ತಿಕೊಂಡು ಹೋದರು. ಅವರು ನಗುತ್ತಲೇ ಇದ್ದರು, ನನಗೆ ಪ್ರಶ್ನೆ ಕೇಳಲು ಬಾಯಿ ಬರಲಿಲ್ಲ.

ಕೊನೆಗೆ, ಪತ್ರ ಬರೆದ ವಿದ್ಯಾರ್ಥಿನಿಗೆ ಒಂದು ಮಾತು. ತಮ್ಮನಿಗೆ ಜೊತೆ ಆಟಗಾರ ಎಲ್ಲಿ ಸಿಗುತ್ತಾನೆ ಎಂದು ನೀನು ಪತ್ರದ ಹಿಂಬದಿಯಲ್ಲಿ ಕೇಳಿದ್ದೀಯೆ. ಅಂತರರಾಷ್ಟ್ರೀಯ ಟೆನಿಸ್ ನಿಯಮಗಳಲ್ಲೇ ಅದಕ್ಕೆ ಉತ್ತರವಿದೆ: ಗಾಲಿಕುರ್ಚಿಯಲ್ಲಿ ಆಡುವವರೂ ನಿಂತು ಆಡುವವರೂ ಒಂದೇ ಅಂಗಣದಲ್ಲಿ ಎದುರುಬದುರಾಗಿ ಆಡಬಹುದು. ಅವನಿಗೆ ಎರಡು ಪುಟಿತ, ನಿನಗೆ ಒಂದೇ. ಎರಡು ಹಳೆಯ ರಾಕೆಟ್ಟು, ಒಂದು ಚೆಂಡು, ವಾಹನ ಓಡಾಡದ ಸಿಮೆಂಟಿನ ಜಾಗ ಸಾಕು. ಆಟದ ಕುರ್ಚಿ ಬರುವವರೆಗೆ ಇರುವ ಕುರ್ಚಿಯಲ್ಲೇ, ನಿಧಾನವಾಗಿ, ಹತ್ತಿರದಿಂದ ಆಡಿ. ಮೊದಲ ವಾರ ಬಲೆಯೂ ಬೇಡ, ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆಯಿರಿ.